ವಿದ್ಯುತ್ ಸ್ಕೂಟರಿನ ಕಂಪನ ಮತ್ತು ಸವಾರನ ಆರೋಗ್ಯ

ಪೆಟ್ರೋಲ್ ಸ್ಕೂಟರನ್ನು ಬಿಟ್ಟು ವಿದ್ಯುತ್ ಸ್ಕೂಟರನ್ನು ಏರಿದವರು ಮೊದಲ ವಾರ ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಸದ್ದಿಲ್ಲ, ನಡುಕವಿಲ್ಲ, ನೀರಿನ ಮೇಲೆ ದೋಣಿ ಹೋದ ಹಾಗೆ ಹೋಗುತ್ತದೆ." ಆರು ತಿಂಗಳು ಕಳೆದ ಮೇಲೆ ಅದೇ ಸವಾರರಲ್ಲಿ ಕೆಲವರು ಸೊಂಟ ಹಿಡಿದುಕೊಂಡು, "ಹಳೆಯ ಗಾಡಿಯೇ ವಾಸಿಯಾಗಿತ್ತೇನೋ" ಎನ್ನುವುದೂ ಉಂಟು. ಈ ಎರಡು ಮಾತುಗಳಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯ ಮಾತು ಎಂಜಿನ್ನಿನ ನಡುಕವನ್ನು ಕುರಿತದ್ದು. ಎರಡನೆಯದಕ್ಕೆ ಕಾರಣ ರಸ್ತೆಯ ಕುಲುಕಾಟ. ವಿದ್ಯುತ್ ಸ್ಕೂಟರು ಎಂಜಿನ್ನಿನ ನಡುಕವನ್ನು ಬಹುತೇಕ ಇಲ್ಲವಾಗಿಸಿದೆ. ರಸ್ತೆಯ ಕುಲುಕಾಟ ಹಾಗೆಯೇ ಉಳಿದಿದೆ. ಈ ಎರಡರಲ್ಲಿ ಬೆನ್ನೆಲುಬಿಗೆ ಹೆಚ್ಚು ತೊಂದರೆ ಕೊಡಬಲ್ಲದ್ದು ಉಳಿದುಕೊಂಡಿರುವುದೇ ಎಂಬುದನ್ನು ಸವಾರರು ಅರಿತಿರಬೇಕು.

ವಿದ್ಯುತ್ ವಾಹನಗಳಿಗೆ ಉತ್ತೇಜನ ನೀಡುವ ಸಲುವಾಗಿ ಕೇಂದ್ರ ಸರ್ಕಾರವು 2015ರ ಏಪ್ರಿಲ್ ತಿಂಗಳಲ್ಲಿ 'ಫೇಮ್ ಇಂಡಿಯಾ' ಯೋಜನೆಯನ್ನು ಆರಂಭಿಸಿತು. ಅದರ ಎರಡನೆಯ ಹಂತ 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಡೆಯಿತು. 2024ರ ಅಕ್ಟೋಬರ್ 1ರಂದು 10,900 ಕೋಟಿ ರೂಪಾಯಿ ವೆಚ್ಚದ 'ಪಿಎಂ ಇ-ಡ್ರೈವ್' ಯೋಜನೆ ಜಾರಿಗೆ ಬಂದಿತು. 2024-25ರ ಆರ್ಥಿಕ ವರ್ಷವೊಂದರಲ್ಲೇ ದೇಶದಲ್ಲಿ 11 ಲಕ್ಷಕ್ಕೂ ಹೆಚ್ಚು ವಿದ್ಯುತ್ ದ್ವಿಚಕ್ರ ವಾಹನಗಳು ಮಾರಾಟವಾದವು. ಇಂಧನದ ಉಳಿತಾಯ, ಹೊಗೆಯ ಇಳಿಕೆ, ಬ್ಯಾಟರಿಯ ಸುರಕ್ಷತೆ ಇವುಗಳ ಬಗ್ಗೆ ಸಾಕಷ್ಟು ತಿಳಿವಳಿಕೆ ನೀಡಲಾಗಿದೆ. ಸೀಟಿನ ಮೇಲೆ ಕೂರುವ ಶರೀರದ ಬಗ್ಗೆ ನಡೆದಿರುವ ಚರ್ಚೆ ಅಷ್ಟಕ್ಕಷ್ಟೆ.

ಮುಂದುವರಿಯುವ ಮೊದಲು ಒಂದು ಸ್ಪಷ್ಟನೆ ಅಗತ್ಯ. ಯೂರೋಪು ಮತ್ತು ಅಮೆರಿಕದ ಬರಹಗಳಲ್ಲಿ 'ಇ-ಸ್ಕೂಟರ್' ಎಂಬ ಪದ ಸಾಮಾನ್ಯವಾಗಿ ನಿಂತುಕೊಂಡು ಓಡಿಸುವ, ಅಂಗೈಯಗಲದ ಚಕ್ರಗಳ ಹಲಗೆಗಾಡಿಯನ್ನು ಸೂಚಿಸುತ್ತದೆ. ಅದರ ಕಂಪನ ಪಾದ ಮತ್ತು ಮುಂಗೈಗಳ ಮೂಲಕ ದೇಹವನ್ನು ಸೇರುತ್ತದೆ. ನಾವು ಬಳಸುವುದು ಕುಳಿತು ಓಡಿಸುವ ಸ್ಕೂಟರು; ಇಲ್ಲಿ ಕಂಪನದ ಹೆದ್ದಾರಿ ಸೀಟು. ಆದುದರಿಂದ ಆ ಗಾಡಿಗಳನ್ನು ಕುರಿತ ಫಲಿತಾಂಶಗಳನ್ನು ನಮ್ಮ ಸ್ಕೂಟರಿಗೆ ನೇರವಾಗಿ ಅನ್ವಯಿಸಬಾರದು.

ಕಂಪನದ ಎರಡು ಅಳತೆಗಳು

ಒಂದು ಕಂಪನವನ್ನು ವರ್ಣಿಸಲು ಎರಡು ಸಂಗತಿಗಳು ಗೊತ್ತಿರಬೇಕು. ಅದು ಒಂದು ಸೆಕೆಂಡಿಗೆ ಎಷ್ಟು ಸಲ ಆಗುತ್ತದೆ ಎಂಬುದು ಮೊದಲನೆಯದು. ಇದನ್ನು ಆವೃತ್ತಿ ಎನ್ನುತ್ತಾರೆ. ಅದರ ಮಾನ ಹರ್ಟ್ಸ್. ಸೆಕೆಂಡಿಗೆ ಐದು ಸಲ ಮೇಲೆ ಕೆಳಗೆ ಆಡುವ ವಸ್ತುವಿನ ಆವೃತ್ತಿ 5 ಹರ್ಟ್ಸ್. ಅದು ಎಷ್ಟು ಬಲವಾಗಿದೆ ಎಂಬುದು ಎರಡನೆಯದು. ಇದನ್ನು ವೇಗೋತ್ಕರ್ಷದಿಂದ, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದರಿಂದ ಅಳೆಯುತ್ತಾರೆ. ಇದರ ಮಾನವನ್ನು ಮೀ/ಸೆ² ಎಂದು ಬರೆಯುವುದು ರೂಢಿ. ಭೂಮಿಯ ಗುರುತ್ವದಿಂದ ಬೀಳುವ ಕಲ್ಲಿನ ವೇಗೋತ್ಕರ್ಷ 9.8 ಮೀ/ಸೆ² ಎಂಬುದನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ಅಂಕಿಗಳನ್ನು ತೂಗಿ ನೋಡಲು ಅನುಕೂಲ.

ಪೆಟ್ರೋಲ್ ಸ್ಕೂಟರಿನ ಒಂಟಿ ಸಿಲಿಂಡರಿನ ಎಂಜಿನ್ನು ಸಿಗ್ನಲ್ಲಿನಲ್ಲಿ ನಿಂತಾಗ ನಿಮಿಷಕ್ಕೆ ಸುಮಾರು 1,700 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 28 ಸಲ ಪಿಸ್ಟನ್ನು ಹೋಗಿ ಬರುತ್ತದೆ. ವೇಗ ಹೆಚ್ಚಿ ನಿಮಿಷಕ್ಕೆ 6,000 ಸುತ್ತು ತಲುಪಿದಾಗ ಇದು 100 ಹರ್ಟ್ಸ್ ಆಗುತ್ತದೆ. ಅಂಗೈ ಜುಮುಗುಡುವುದು, ಕನ್ನಡಿಯಲ್ಲಿ ಹಿಂದಿನ ವಾಹನದ ನಂಬರು ಮಸುಕಾಗುವುದು, ಇವೆಲ್ಲ ಈ ವೇಗದ ನಡುಕದ ಫಲಗಳು. ವಿದ್ಯುತ್ ಮೋಟಾರಿನಲ್ಲಿ ಹೋಗಿ ಬರುವ ಪಿಸ್ಟನ್ನು ಇಲ್ಲ, ಸ್ಫೋಟವಿಲ್ಲ. ಗಾಡಿ ನಿಂತಾಗ ಮೋಟಾರೂ ನಿಲ್ಲುತ್ತದೆ. ಹೀಗಾಗಿ ಕೈಗಳಿಗೆ ನಿಜವಾದ ನೆಮ್ಮದಿ ದೊರೆತಿದೆ. ಈ ಲಾಭವನ್ನು ಕಡಿಮೆಯೆಂದು ಎಣಿಸಬೇಕಾಗಿಲ್ಲ.

ಕೈಗಳಿಗೆ ಆಗುವ ತೊಂದರೆಯ ಇತಿಹಾಸ ಹಳೆಯದು. ಕಂಪಿಸುವ ಉಪಕರಣ ಹಿಡಿದು ದುಡಿಯುವವರ ಬೆರಳುಗಳು ಬಿಳಚಿಕೊಂಡು ಮರಗಟ್ಟುವುದನ್ನು ಇಟಲಿಯ ವೈದ್ಯ ಲೊರಿಗಾ 1911ರಲ್ಲಿ ವರ್ಣಿಸಿದರು. ಅಮೆರಿಕದ ಇಂಡಿಯಾನಾ ಪ್ರಾಂತದ ಬೆಡ್‌ಫೋರ್ಡಿನಲ್ಲಿ ಸುಣ್ಣಕಲ್ಲು ಕೆತ್ತುತ್ತಿದ್ದ ಕಾರ್ಮಿಕರ ಕೈಗಳನ್ನು ಪರೀಕ್ಷಿಸಿದ ಡಾ. ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇದೇ ಕಾಯಿಲೆಯನ್ನು ವಿವರವಾಗಿ ದಾಖಲಿಸಿದರು. 1990ರ ದಶಕದಲ್ಲಿ ಜಪಾನಿನಲ್ಲಿ ಮೋಟಾರ್ ಸೈಕಲ್ ಓಡಿಸುವ ಸಂಚಾರಿ ಪೊಲೀಸರನ್ನು ಪರೀಕ್ಷಿಸಿದಾಗ ಬೆರಳುಗಳ ಜೋಮು, ಹೆಗಲಿನ ಬಿಗಿತ ಮುಂತಾದ ದೂರುಗಳು ಕಂಡುಬಂದವು. ಎಂಜಿನ್ ನಡುಕ ಅಳಿದರೂ ರಸ್ತೆಯ ಅದುರು ಹ್ಯಾಂಡಲಿನ ಮೂಲಕ ಕೈಗೆ ಬರುವುದರಿಂದ ವಿದ್ಯುತ್ ಸ್ಕೂಟರಿನಲ್ಲಿ ಈ ತೊಂದರೆ ಪೂರ್ತಿ ಹೋಗಿಲ್ಲ. ದೆಹಲಿಯ ಚಳಿಗಾಲದಲ್ಲಿ ಬರಿಗೈಯಲ್ಲಿ ಓಡಿಸುವವರು ಎಚ್ಚರದಿಂದಿರಬೇಕು, ಏಕೆಂದರೆ ಚಳಿಯೂ ಕಂಪನವೂ ಬೆರಳಿನ ರಕ್ತನಾಳಗಳನ್ನು ಒಂದೇ ರೀತಿಯಲ್ಲಿ ಕುಗ್ಗಿಸುತ್ತವೆ.

ರಸ್ತೆ ಕೊಡುವ ಆವೃತ್ತಿ

ರಸ್ತೆಯ ಕುಲುಕಾಟದ ಆವೃತ್ತಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಗಾಡಿಯ ವೇಗವನ್ನು ಉಬ್ಬುತಗ್ಗುಗಳ ನಡುವಣ ಅಂತರದಿಂದ ಭಾಗಿಸಿದರೆ ಸಾಕು. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಮಳೆಗಾಲ ಕಳೆದ ಮೇಲೆ ಡಾಂಬರು ರಸ್ತೆಯ ಮೈ ಅಲೆಯಲೆಯಾಗಿ ಎದ್ದು, ಎರಡು ಅಲೆಗಳ ನಡುವೆ 2 ಮೀಟರ್ ಅಂತರವಿದೆ ಎಂದುಕೊಳ್ಳೋಣ. ಹತ್ತನ್ನು ಎರಡರಿಂದ ಭಾಗಿಸಿದರೆ 5 ಹರ್ಟ್ಸ್. ಮುಂಬಯಿಯ ಅನೇಕ ಕೂಡುರಸ್ತೆಗಳಲ್ಲಿ ಕಾಣುವಂಥ ಪೇವರ್ ಇಟ್ಟಿಗೆಗಳ ಹಾಸಿನ ಮೇಲೆ, ಇಟ್ಟಿಗೆಯ ಉದ್ದ 20 ಸೆಂಟಿಮೀಟರ್ ಆಗಿದ್ದು ಗಾಡಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋದರೆ 25 ಹರ್ಟ್ಸ್ ಬರುತ್ತದೆ. ಇಟ್ಟಿಗೆಯ ಹಾಸು ಕಿವಿಗೂ ಕೈಗೂ ಹೆಚ್ಚು ಕಿರಿಕಿರಿ ಮಾಡುತ್ತದೆ, ಜನ ಬೈಯುವುದೂ ಅದನ್ನೇ. ಆದರೆ ಬೆನ್ನಿನ ದೃಷ್ಟಿಯಿಂದ ನೋಡಿದರೆ ಸದ್ದಿಲ್ಲದೆ ತೂಗುವ ಅಲೆಯಲೆಯ ರಸ್ತೆಯೇ ಹೆಚ್ಚು ಅಪಾಯಕಾರಿ. ಕಾರಣವನ್ನು ನಮ್ಮ ದೇಹದ ರಚನೆಯಲ್ಲಿ ಹುಡುಕಬೇಕು.

ಮಗುವನ್ನು ಜೋಕಾಲಿಯಲ್ಲಿ ತೂಗುವ ತಾಯಿಗೆ ಅನುರಣನ ಎಂಬ ಶಾಸ್ತ್ರೀಯ ಪದ ತಿಳಿದಿರಬೇಕಾಗಿಲ್ಲ; ಯಾವ ಕ್ಷಣದಲ್ಲಿ ಮೆಲ್ಲಗೆ ತಳ್ಳಿದರೆ ಜೋಕಾಲಿ ಎತ್ತರಕ್ಕೆ ಹೋಗುತ್ತದೆಂಬುದು ಆಕೆಯ ಕೈಗೆ ಗೊತ್ತಿರುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಸಹಜ ಆವೃತ್ತಿ ಇರುತ್ತದೆ. ಹೊರಗಿನ ತಳ್ಳುವಿಕೆ ಆ ಆವೃತ್ತಿಗೆ ಹೊಂದಿಕೊಂಡಾಗ ಚಿಕ್ಕ ಬಲವೂ ದೊಡ್ಡ ಚಲನೆಯನ್ನು ಉಂಟುಮಾಡುತ್ತದೆ. ಲಾರಿ ಹಾದುಹೋದಾಗ ಅಡುಗೆಮನೆಯ ಕಪಾಟಿನಲ್ಲಿ ಒಂದೇ ಒಂದು ಲೋಟ ಝಣಝಣಿಸಿ ಉಳಿದವು ಸುಮ್ಮನಿರುವುದು ಇದೇ ಕಾರಣದಿಂದ.

ಕುಳಿತಿರುವ ಮನುಷ್ಯನ ಮುಂಡಭಾಗ ಮೇಲೆ ಕೆಳಗಿನ ಚಲನೆಗೆ ಅತಿ ಹೆಚ್ಚಾಗಿ ಓಗೊಡುವುದು 4ರಿಂದ 8 ಹರ್ಟ್ಸ್ ನಡುವೆ, ಮುಖ್ಯವಾಗಿ 5 ಹರ್ಟ್ಸ್ ಆಸುಪಾಸಿನಲ್ಲಿ. ಈ ಪಟ್ಟಿಯೊಳಗೆ ಸೀಟು ಒಂದಂಗುಲ ಅಲುಗಿದರೆ ಎದೆ ಮತ್ತು ಹೊಟ್ಟೆಯ ಅಂಗಗಳು ಅದಕ್ಕಿಂತ ಹೆಚ್ಚು ಅಲುಗುತ್ತವೆ. ಮೇಲಿನ ಲೆಕ್ಕದಲ್ಲಿ ಅಲೆಯಲೆಯ ರಸ್ತೆಯಿಂದ ಬಂದುದೂ 5 ಹರ್ಟ್ಸೇ. ಅದೇ ರಸ್ತೆಯಲ್ಲಿ ವೇಗವನ್ನು ಗಂಟೆಗೆ 20 ಕಿಲೋಮೀಟರಿಗೆ ಇಳಿಸಿದರೆ ಆವೃತ್ತಿ 3ಕ್ಕಿಂತ ಕೆಳಗೆ ಬರುತ್ತದೆ, ದೇಹದ ಅನುರಣನದ ಪಟ್ಟಿಯಿಂದ ಹೊರಬೀಳುತ್ತದೆ. ವೇಗ ಇಳಿಸಿದಾಗ ಹೊಡೆತದ ಬಲವೂ ಕುಗ್ಗುತ್ತದೆ. ಹೀಗೆ ಲಾಭ ಎರಡು ಕಡೆಯಿಂದ.

ಬೆನ್ನೆಲುಬು ಒಂದೇ ಎಲುಬಲ್ಲ. ಕಶೇರುಮಣಿಗಳೆಂಬ ಬಿಡಿ ಎಲುಬುಗಳ ಸರಪಣಿ. ಮಣಿಗಳ ನಡುವೆ ನೀರಿನಂಶ ತುಂಬಿದ ಮೆತ್ತೆಗಳಿವೆ. ಪ್ರಾಯದವರಲ್ಲಿ ಈ ಮೆತ್ತೆಗಳಿಗೆ ನೇರವಾದ ರಕ್ತ ಸಂಚಾರ ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಪಕ್ಕದ ಎಲುಬಿನ ತೆಳು ತಟ್ಟೆಯ ಮೂಲಕ ಇಂಗಿ ಬರುವ ಪೋಷಕಾಂಶಗಳೇ ಅವಕ್ಕೆ ಆಹಾರ. ದೀರ್ಘಕಾಲದ ಕಂಪನದಿಂದ ಈ ತಟ್ಟೆಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡಬಹುದು. ಮೆತ್ತೆ ತನ್ನ ನೀರನ್ನು ಕಳೆದುಕೊಂಡು ಸವೆಯಬಹುದು. ಬೆನ್ನಿನ ಸ್ನಾಯುಗಳು ಹೊಡೆತವನ್ನು ತಡೆಯಲು ಯತ್ನಿಸುತ್ತವೆ. ಆದರೆ ಹೊಡೆತಗಳು ಬೇಗ ಬೇಗ ಬಂದಾಗ ಒಂದಕ್ಕೆ ಬಿಗಿಯಾಗುವಷ್ಟರಲ್ಲಿ ಮತ್ತೊಂದು ಬಂದಿರುತ್ತದೆ. ಒಂದು ಗಂಟೆಯ ಸವಾರಿಯ ಬಳಿಕ 'ಏನೂ ಕೆಲಸ ಮಾಡದಿದ್ದರೂ ಮೈಕೈ ನೋವು' ಎನಿಸುವುದಕ್ಕೆ ಈ ವ್ಯರ್ಥ ಶ್ರಮವೇ ಬಹುಮಟ್ಟಿಗೆ ಕಾರಣ.

ಸ್ಕೂಟರಿನ ರಚನೆಯ ಪಾತ್ರ

ಸ್ಕೂಟರಿನ ಚಕ್ರ ಚಿಕ್ಕದು. ಹತ್ತಂಗುಲದ ರಿಮ್ಮಿಗೆ ಟೈರು ಸೇರಿ ಹೊರಗಿನ ವ್ಯಾಸ ಸುಮಾರು 43 ಸೆಂಟಿಮೀಟರ್. ಹದಿನೇಳಂಗುಲದ ರಿಮ್ಮಿನ ಮೋಟಾರ್ ಸೈಕಲ್ ಚಕ್ರದ್ದು ಸುಮಾರು 59. ರಸ್ತೆಯಲ್ಲಿ 20 ಸೆಂಟಿಮೀಟರ್ ಅಗಲದ ಗುಂಡಿ ಇದ್ದರೆ ಜ್ಯಾಮಿತಿಯ ಲೆಕ್ಕದಂತೆ ಮೊದಲನೆಯ ಚಕ್ರ ಅದರೊಳಗೆ ಸುಮಾರು ಎರಡೂವರೆ ಸೆಂಟಿಮೀಟರ್ ಇಳಿಯುತ್ತದೆ. ಎರಡನೆಯದು ಒಂದೂ ಮುಕ್ಕಾಲು ಮಾತ್ರ. ಸ್ಕೂಟರಿನ ಆಸನವೂ ಕುರ್ಚಿಯ ರೀತಿಯದು. ಸವಾರ ನೆಟ್ಟಗೆ ಕೂರುವುದರಿಂದ ಕೆಳಗಿನ ಹೊಡೆತ ಸೊಂಟದಿಂದ ನೇರವಾಗಿ ಮೇಲಕ್ಕೆ ಸಾಗುತ್ತದೆ. ಮೋಟಾರ್ ಸೈಕಲ್ ಸವಾರನಂತೆ ಪಾದದಾನಿಗಳ ಮೇಲೆ ಎದ್ದು ನಿಂತು ಮೊಣಕಾಲುಗಳನ್ನೇ ಸ್ಪ್ರಿಂಗನ್ನಾಗಿ ಬಳಸುವ ಅನುಕೂಲ ಇಲ್ಲಿ ಅಷ್ಟಾಗಿಲ್ಲ. ಇವೆರಡೂ ಪೆಟ್ರೋಲ್ ಸ್ಕೂಟರಿಗೂ ಸಲ್ಲುವ ಮಾತುಗಳು.

ವಿದ್ಯುತ್ ಸ್ಕೂಟರಿಗೆ ವಿಶೇಷವಾದುದು ಮೋಟಾರಿನ ಸ್ಥಾನ. ಕೆಲವು ಮಾದರಿಗಳಲ್ಲಿ ಮೋಟಾರು ಹಿಂದಿನ ಚಕ್ರದೊಳಗೇ ಇರುತ್ತದೆ. ಮತ್ತೆ ಕೆಲವಲ್ಲಿ ಅದು ಚೌಕಟ್ಟಿನಲ್ಲಿ ಇದ್ದು ಬೆಲ್ಟ್ ಅಥವಾ ಚೈನಿನ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಶಾಕ್ ಅಬ್ಸಾರ್ಬರಿನ ಕೆಳಗಡೆ, ಚಕ್ರದೊಂದಿಗೆ ಕುಣಿಯುವ ತೂಕ ಹೆಚ್ಚಾದಷ್ಟೂ ಚಕ್ರ ರಸ್ತೆಯ ಏರಿಳಿತವನ್ನು ಚುರುಕಾಗಿ ಅನುಸರಿಸಲಾರದು, ಹೊಡೆತ ಮೇಲಕ್ಕೆ ಹೆಚ್ಚು ದಾಟುತ್ತದೆ. ಈ ದೃಷ್ಟಿಯಿಂದ ಚಕ್ರದೊಳಗಿನ ಮೋಟಾರಿಗಿಂತ ಚೌಕಟ್ಟಿನ ಮೋಟಾರು ಮೇಲು. ಆದರೆ ಪೆಟ್ರೋಲ್ ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಎಂಜಿನ್ನು ಮತ್ತು ಗೇರಿನ ಪೆಟ್ಟಿಗೆ ಎರಡೂ ಹಿಂದಿನ ಚಕ್ರದ ಜೊತೆಯಲ್ಲೇ ಮೇಲೆ ಕೆಳಗೆ ಆಡುತ್ತವೆ ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಚಕ್ರದೊಳಗಿನ ಮೋಟಾರು ಹೊಸದೊಂದು ಕೇಡನ್ನು ತಂದಿದೆ ಎಂಬ ಪ್ರಚಾರದಲ್ಲಿ ಅರ್ಧ ಸತ್ಯ ಮಾತ್ರ ಇದೆ.

ಮತ್ತೊಂದು ಸಂಗತಿ ಸವಾರನ ಕೈಯಲ್ಲೇ ಇದೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎಂಬ ಚಿಂತೆ ವಿದ್ಯುತ್ ಸ್ಕೂಟರಿನವರನ್ನು ಸದಾ ಕಾಡುತ್ತದೆ. ಟೈರಿಗೆ ಗಾಳಿ ಹೆಚ್ಚು ತುಂಬಿಸಿದರೆ ಉರುಳುವ ತಡೆ ಕಡಿಮೆಯಾಗಿ ಒಂದೆರಡು ಕಿಲೋಮೀಟರ್ ಹೆಚ್ಚು ಸಿಗುತ್ತದೆ ಎಂಬುದು ನಿಜ. ಆ ಆಸೆಗೆ ಬಿದ್ದು ಕಂಪನಿ ಹೇಳಿದ ಮಟ್ಟಕ್ಕಿಂತ ಬಹಳ ಮೇಲಕ್ಕೆ ಗಾಳಿ ಹೊಡೆಸುವವರಿದ್ದಾರೆ. ಟೈರೇ ಮೊದಲ ಸ್ಪ್ರಿಂಗು. ಅದು ಕಲ್ಲಿನಂತೆ ಗಟ್ಟಿಯಾದರೆ ಚಿಕ್ಕ ಕಲ್ಲೂ ಬೆನ್ನಿಗೆ ಸುದ್ದಿ ಮುಟ್ಟಿಸುತ್ತದೆ, ಮಳೆಯಲ್ಲಿ ಹಿಡಿತವೂ ತಪ್ಪುತ್ತದೆ. ಎರಡು ಕಿಲೋಮೀಟರ್ ಉಳಿಸಲು ಸೊಂಟವನ್ನು ಒತ್ತೆಯಿಡುವುದು ಲಾಭದ ವ್ಯಾಪಾರವಲ್ಲ.

ಮುಂದೆ ಹಿಂದೆ ಆಗುವ ಎಳೆತವನ್ನೂ ಇಲ್ಲಿ ನೆನೆಯಬೇಕು. ವಿದ್ಯುತ್ ಮೋಟಾರು ತಿರುಗಲು ಆರಂಭಿಸಿದ ಕ್ಷಣದಿಂದಲೇ ಪೂರ್ಣ ಬಲ ಕೊಡಬಲ್ಲದು. ಆಕ್ಸಿಲರೇಟರನ್ನು ಬಿಟ್ಟೊಡನೆ ಅದೇ ಮೋಟಾರು ಜನರೇಟರಿನಂತೆ ವರ್ತಿಸಿ, ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತ ಗಾಡಿಯನ್ನು ತಡೆಯುತ್ತದೆ. ವಾಹನದಟ್ಟಣೆಯಲ್ಲಿ ಇದರಿಂದ ಕುತ್ತಿಗೆ ಹಿಂದಕ್ಕೂ ಮುಂದಕ್ಕೂ ವಾಲಾಡುತ್ತದೆ. ಹಿಡಿದುಕೊಳ್ಳಲು ಹ್ಯಾಂಡಲಿಲ್ಲದ ಹಿಂಬದಿಯವರಿಗೆ ಇನ್ನೂ ಹೆಚ್ಚು. ನಿಧಾನದ 'ಇಕೋ' ವ್ಯವಸ್ಥೆಯಲ್ಲಿ ಓಡಿಸುವುದರಿಂದ ಬ್ಯಾಟರಿಯ ಜೊತೆಗೆ ಕುತ್ತಿಗೆಯೂ ಉಳಿಯುತ್ತದೆ.

ಸೀಟಿನ ಮೇಲೆ ಹೆಚ್ಚುವರಿ ಸ್ಪಂಜು ಅಥವಾ ಜೆಲ್ ಮೆತ್ತೆ ಹಾಕಿಸಿದರೆ ಎಲ್ಲ ಸರಿಹೋಗುತ್ತದೆಂದು ಅನೇಕರು ನಂಬಿದ್ದಾರೆ. ಮೆತ್ತೆಯಿಂದ ಕುಳಿತ ಜಾಗದ ಒತ್ತಡ ಹಂಚಿಹೋಗುತ್ತದೆ, ಸಣ್ಣ ಅದುರು ಸೋಸಿಹೋಗುತ್ತದೆ. ಆದರೆ ಸಾಮಾನ್ಯ ಸ್ಪಂಜಿನ ಸೀಟು ತಾನೇ 4 ಹರ್ಟ್ಸ್ ಸುಮಾರಿನಲ್ಲಿ ಅನುರಣಿಸುತ್ತದೆ. ಅಂದರೆ ಬೆನ್ನಿಗೆ ಅತಿ ಅಹಿತವಾದ ಕುಲುಕಾಟವನ್ನು ಅದು ಕುಗ್ಗಿಸುವ ಬದಲು ತುಸು ಹಿಗ್ಗಿಸುವ ಸಂಭವವೇ ಹೆಚ್ಚು. ಮೆತ್ತಗಿರುವುದೆಲ್ಲ ಹಿತವಲ್ಲ.

ಎಷ್ಟು ಕಂಪನ, ಎಷ್ಟು ಹೊತ್ತು

ಇಡೀ ದೇಹಕ್ಕೆ ತಾಗುವ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2631 ಮೊದಲು 1974ರಲ್ಲಿ ಹೊರಬಂದಿತು. 1997ರಲ್ಲಿ ಅದರ ಮೊದಲ ಭಾಗವನ್ನು ಪರಿಷ್ಕರಿಸಲಾಯಿತು. ಸೀಟಿನ ಮೇಲೆ ಸಂವೇದಕವನ್ನಿಟ್ಟು, ದೇಹಕ್ಕೆ ಹೆಚ್ಚು ಸೂಕ್ಷ್ಮವಾದ ಆವೃತ್ತಿಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುವುದು ಅದರ ವಿಧಾನ. ಆ ಮಾನಕದ ಪ್ರಕಾರ 0.315 ಮೀ/ಸೆ²ಗಿಂತ ಕಡಿಮೆಯಿದ್ದರೆ ಅಹಿತವೆನಿಸದು, 0.8ರಿಂದ 1.6ರ ನಡುವೆ ಅಹಿತ. 2ನ್ನು ದಾಟಿದರೆ ಅತ್ಯಂತ ಅಹಿತ.

ಅಹಿತ ಬೇರೆ, ಹಾನಿ ಬೇರೆ. ಹಾನಿಯನ್ನು ನಿರ್ಧರಿಸುವಲ್ಲಿ ಕಾಲದ ಪಾತ್ರ ದೊಡ್ಡದು. ಐರೋಪ್ಯ ಒಕ್ಕೂಟವು 2002ರಲ್ಲಿ ದುಡಿಯುವವರ ರಕ್ಷಣೆಗಾಗಿ ಹೊರಡಿಸಿದ ನಿರ್ದೇಶನದಲ್ಲಿ ಎಂಟು ಗಂಟೆಗಳ ದಿನಕ್ಕೆ ಎರಡು ಗೆರೆಗಳನ್ನು ಎಳೆದಿದೆ. ಇಡೀ ದೇಹದ ಕಂಪನ 0.5 ಮೀ/ಸೆ² ದಾಟಿದರೆ ಕ್ರಮ ಕೈಗೊಳ್ಳಬೇಕು, 1.15ನ್ನು ದಾಟಗೊಡಬಾರದು. ದಿನದ ಮಾನವನ್ನು ಪಡೆಯಲು ಸವಾರಿಯ ಗಂಟೆಗಳನ್ನು ಎಂಟರಿಂದ ಭಾಗಿಸಿ, ಅದರ ವರ್ಗಮೂಲವನ್ನು ಅಳೆದ ವೇಗೋತ್ಕರ್ಷದಿಂದ ಗುಣಿಸಬೇಕು.

ಒಂದು ಉದಾಹರಣೆ ನೋಡೋಣ. ಸಾಧಾರಣ ರಸ್ತೆಯಲ್ಲಿ ಒಂದು ಸ್ಕೂಟರಿನ ಸೀಟಿನ ಮೇಲೆ 1 ಮೀ/ಸೆ² ಕಂಪನ ಇದೆ ಎಂದು ಭಾವಿಸೋಣ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಓಡಿಸಿ ಕಚೇರಿಗೆ ಹೋಗಿಬರುವವರ ದಿನದ ಮಾನ 0.35. ಅವರು ಕೆಳಗಿನ ಗೆರೆಯಿಂದ ಇನ್ನೂ ಕೆಳಗೇ ಇದ್ದಾರೆ. ಓಡಾಟ ದಿನಕ್ಕೆ ಎರಡು ಗಂಟೆಯಾದರೆ ಸರಿಯಾಗಿ 0.5, ಅಂದರೆ ಗೆರೆಯ ಮೇಲೆ. ಅದೇ ಸ್ಕೂಟರಿನಲ್ಲಿ ಎಂಟು ಗಂಟೆ ಚಲಿಸುತ್ತಲೇ ಇರುವವರ ಮಾನ 1. ಹತ್ತೂವರೆ ಗಂಟೆ ಮೀರಿದರೆ ಮೇಲಿನ ಗೆರೆಯೂ ದಾಟುತ್ತದೆ. ಗಾಡಿ ಒಂದೇ, ರಸ್ತೆ ಒಂದೇ. ಒಬ್ಬರಿಗೆ ಅದು ಸಂಜೆಯ ಆಯಾಸ, ಇನ್ನೊಬ್ಬರಿಗೆ ವೃತ್ತಿರೋಗದ ಬೀಜ.

ಈ ಎರಡನೆಯ ವರ್ಗದವರು ಯಾರೆಂಬುದನ್ನು ನಮ್ಮ ಮನೆಬಾಗಿಲ ಗಂಟೆಯೇ ದಿನಕ್ಕೆರಡು ಸಲ ನೆನಪಿಸುತ್ತದೆ. ಊಟ, ಔಷಧ, ದಿನಸಿ, ಪಾರ್ಸೆಲು ತರುವ ಯುವಕ ಯುವತಿಯರಲ್ಲಿ ಈಗ ಅನೇಕರು ದಿನದ ಬಾಡಿಗೆಗೆ ಪಡೆದ ವಿದ್ಯುತ್ ಸ್ಕೂಟರುಗಳಲ್ಲಿ ಓಡಾಡುತ್ತಾರೆ. 2022ರ ಜೂನ್‌ನಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿ, 2020-21ರಲ್ಲಿ ಇಂಥ ಗಿಗ್ ಕೆಲಸಗಾರರ ಸಂಖ್ಯೆಯನ್ನು 77 ಲಕ್ಷವೆಂದೂ 2029-30ರ ವೇಳೆಗೆ ಅದು 2.35 ಕೋಟಿ ತಲುಪಬಹುದೆಂದೂ ಅಂದಾಜು ಮಾಡಿತು. ಅವರೆಲ್ಲರೂ ಸ್ಕೂಟರಿನವರಲ್ಲ, ನಿಜ. ಆದರೂ ಕಂಪನದ ಪ್ರಶ್ನೆ ಇನ್ನು ಮುಂದೆ ಸುಖದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಈ ಕೆಲಸಗಾರರನ್ನು ಹೆಸರಿಸಿ, ಅಪಘಾತ ವಿಮೆ ಮತ್ತು ಆರೋಗ್ಯ ಸೌಲಭ್ಯಗಳ ಯೋಜನೆಗಳಿಗೆ ಅವಕಾಶ ಕಲ್ಪಿಸಿದೆ. ಕರ್ನಾಟಕವೂ 2025ರಲ್ಲಿ ಅವರ ಕ್ಷೇಮಕ್ಕಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಇ-ಶ್ರಮ್ ಪೋರ್ಟಲಿನಲ್ಲಿ ಇಂಥವರು ಹೆಸರು ನೋಂದಾಯಿಸಿಕೊಳ್ಳುವುದು ಒಳ್ಳೆಯದು.

ಸರಾಸರಿಯ ಲೆಕ್ಕಕ್ಕೆ ಒಂದು ಮಿತಿಯಿದೆ. ದಿನವಿಡೀ ನಯವಾದ ರಸ್ತೆ, ನಡುವೆ ನಾಲ್ಕು ದೊಡ್ಡ ಗುಂಡಿ ಎಂದರೆ ಸರಾಸರಿ ಚಿಕ್ಕದಾಗಿಯೇ ಬರುತ್ತದೆ. ಬೆನ್ನಿಗೆ ಮಾತ್ರ ಆ ನಾಲ್ಕು ಹೊಡೆತಗಳೇ ನೆನಪಿರುತ್ತವೆ. ಆದ್ದರಿಂದ ಹೊಡೆತಗಳನ್ನು ನಾಲ್ಕನೆಯ ಘಾತಕ್ಕೇರಿಸಿ ಕೂಡುವ ಇನ್ನೊಂದು ವಿಧಾನವನ್ನೂ ಮಾನಕದಲ್ಲಿ ಹೇಳಲಾಗಿದೆ. ಅದರಂತೆ ಇಮ್ಮಡಿ ಬಲದ ಒಂದು ಹೊಡೆತ ಹದಿನಾರು ಸಾಮಾನ್ಯ ಹೊಡೆತಗಳಿಗೆ ಸಮ. ತೈವಾನಿನಲ್ಲಿ ಪೆಟ್ರೋಲ್ ದ್ವಿಚಕ್ರ ವಾಹನಗಳ ಸವಾರರನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಿಧಾನದಿಂದ ಅಳೆದಾಗ ಬಹುಪಾಲು ಸವಾರರು ಆರೋಗ್ಯದ ಎಚ್ಚರಿಕೆಯ ಮೇಲ್ಗೆರೆಯನ್ನೂ ದಾಟಿದ್ದರು.

ರಸ್ತೆಯುಬ್ಬು

ಈ ದೊಡ್ಡ ಹೊಡೆತಗಳಲ್ಲಿ ಕೆಲವನ್ನು ನಾವೇ ಕಟ್ಟಿಕೊಂಡಿದ್ದೇವೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ರಸ್ತೆಯುಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಬಾಗಿನ ತ್ರಿಜ್ಯ 17 ಮೀಟರ್ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವವರಿಗೆ ಇದನ್ನು ಹೊಂದಿಸಲಾಗಿದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ಆ ವೇಗದಲ್ಲಿ ನೆತ್ತಿಯನ್ನು ದಾಟುವಾಗ ಸವಾರನಿಗೆ ತಾಗುವ ವೇಗೋತ್ಕರ್ಷ ಸುಮಾರು 2.8 ಮೀ/ಸೆ². ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು 7ನ್ನು ಮೀರುತ್ತದೆ. 47ರ ಹೊತ್ತಿಗೆ ಗುರುತ್ವಕ್ಕೆ ಸಮನಾಗಿ, ಸವಾರ ಸೀಟನ್ನು ಬಿಟ್ಟು ಏಳುತ್ತಾನೆ. ಎದ್ದವನು ಮರಳಿ ಬೀಳಲೇಬೇಕು. ಬಡಾವಣೆಯವರು ತಾವೇ ಮುಂದೆ ನಿಂತು ಹಾಕಿಸುವ ಕಿರಿದಾದ, ಕಡಿದಾದ ದಿಂಡುಗಳಿಗೆ ಈ ಲೆಕ್ಕವೂ ಸಲ್ಲದು. ಅವು ಇಪ್ಪತ್ತರ ವೇಗದಲ್ಲೇ ಪೆಟ್ಟು ಕೊಡುತ್ತವೆ.

ಮೂಳೆ ಸವೆತವಿರುವ ಹಿರಿಯರ ಮಟ್ಟಿಗೆ ಇದು ಬರಿಯ ಕಿರಿಕಿರಿಯಲ್ಲ. ರಸ್ತೆಯುಬ್ಬಿನ ಮೇಲೆ ಹಾರಿಬಿದ್ದ ಬಸ್ಸಿನ ಹಿಂದಿನ ಸೀಟಿನ ಪ್ರಯಾಣಿಕರಲ್ಲಿ ಎದೆ ಮತ್ತು ಸೊಂಟ ಸೇರುವಲ್ಲಿನ ಕಶೇರುಮಣಿ ಜಜ್ಜಿಹೋದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಸ್ಕೂಟರಿನ ಹಿಂಬದಿಯ ಆಸನವೂ ಬಸ್ಸಿನ ಹಿಂದಿನ ಸೀಟಿನಂತೆಯೇ, ಹಿಂಚಕ್ರದ ಹತ್ತಿರ ಇರುತ್ತದೆ. ಹಿಂದೆ ಕೂತವರಿಗೆ ಉಬ್ಬು ಮುಂಚಿತವಾಗಿ ಕಾಣುವುದೂ ಇಲ್ಲ. ಸೀರೆಯುಟ್ಟವರು ಒಂದು ಪಕ್ಕಕ್ಕೆ ಕೂತಾಗ ನಡು ತಿರುಚಿಕೊಂಡೇ ಇರುವುದರಿಂದ ಹೊಡೆತದ ಪರಿಣಾಮ ಹೆಚ್ಚು. ಮುಂದೆ ಕೂತವರು "ಉಬ್ಬು ಬಂತು" ಎಂದು ಒಂದು ಮಾತು ಹೇಳಿದರೂ ಅದು ಔಷಧಕ್ಕಿಂತ ಮೇಲು. ಗರ್ಭಿಣಿಯರು ದುಡಿಯುವ ಸ್ಥಳದಲ್ಲಿ ಎದುರಿಸುವ ಅಪಾಯಗಳ ಪಟ್ಟಿಯಲ್ಲಿ ಐರೋಪ್ಯ ಒಕ್ಕೂಟದ 1992ರ ನಿರ್ದೇಶನವು ಹೊಡೆತ ಮತ್ತು ಕಂಪನಗಳನ್ನು ಸೇರಿಸಿದೆ. ಸ್ಕೂಟರಿನ ಓಡಾಟ ಎಲ್ಲಿಯವರೆಗೆ ಎಂಬುದನ್ನು ಅವರು ತಮ್ಮ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು.

ಸವಾರರು ಮಾಡಬಹುದಾದುದು

ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ಓಡಿ ಬಿಸಿಯಾಗುವ ಮೊದಲೇ, ಕಂಪನಿಯ ಕೈಪಿಡಿಯಲ್ಲಿ ಹೇಳಿರುವ ಮಟ್ಟಕ್ಕೆ ಸರಿಯಾಗಿ ನೋಡಿಸಬೇಕು. ಮುಂದಿನ ಮತ್ತು ಹಿಂದಿನ ಟೈರುಗಳಿಗೆ, ಒಬ್ಬರು ಮತ್ತು ಇಬ್ಬರು ಕೂರುವುದಕ್ಕೆ, ಬೇರೆ ಬೇರೆ ಅಂಕಿಗಳಿರುತ್ತವೆ. ಪಂಕ್ಚರ್ ಅಂಗಡಿಯ ಹುಡುಗನ ಅಂದಾಜಿಗೆ ಬಿಡುವುದು ಬೇಡ. ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗಿನ ಬಿಗಿಯನ್ನು ಬದಲಿಸುವ ಮೆಟ್ಟಿಲು ಇದ್ದರೆ, ಒಂಟಿಯಾಗಿ ಓಡಾಡುವ ಹಗುರ ಮೈಯವರು ಅದನ್ನು ಸಡಿಲ ಮೆಟ್ಟಿಲಿಗೆ ಇಡಿಸಬಹುದು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿದ್ದರೆ ಅದು ಸ್ಪ್ರಿಂಗಾಗಿ ಕುಣಿಯುತ್ತದೆಯೇ ಹೊರತು ಕುಣಿತವನ್ನು ನಿಲ್ಲಿಸಲಾರದು, ಅದನ್ನು ಬದಲಿಸಬೇಕು. ಸದ್ದಿಲ್ಲದ ಗಾಡಿಯಲ್ಲಿ ಪ್ಲಾಸ್ಟಿಕ್ ಫಲಕಗಳ ಕಟಕಟ ದೊಡ್ಡದಾಗಿ ಕೇಳುತ್ತದೆ. ಅದರಲ್ಲಿ ಬಹಳಷ್ಟು ಕಿವಿಯ ತೊಂದರೆ ಮಾತ್ರ. ಆದರೆ ಹ್ಯಾಂಡಲಿನ ಬುಡದಿಂದ 'ಟಕ್' ಎಂಬ ಸದ್ದು ಬಂದರೆ ಅಲಕ್ಷಿಸಬಾರದು.

ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಅದುರು ತೋಳಿಗೆ ಹೆಚ್ಚು ಏರುತ್ತದೆ. ಹಿಡಿತ ಭದ್ರವಾಗಿರಲಿ, ಮೊಣಕೈ ಸಡಿಲವಾಗಿರಲಿ. ಉಬ್ಬು ಎದುರಾದಾಗ ವೇಗವನ್ನು ಮೊದಲೇ ಇಳಿಸಿ, ಪಾದಗಳನ್ನು ಹಲಗೆಗೆ ಒತ್ತಿ, ಮೈಭಾರವನ್ನು ಸೀಟಿನಿಂದ ಅರ್ಧ ಅಂಗುಲ ಮೇಲೆತ್ತಿದರೂ ಹೊಡೆತದ ಒಂದು ಭಾಗವನ್ನು ತೊಡೆಯ ಸ್ನಾಯುಗಳು ನುಂಗುತ್ತವೆ. ಅಕ್ಕಿಯ ಮೂಟೆಯನ್ನೋ ಗ್ಯಾಸ್ ಸಿಲಿಂಡರನ್ನೋ ಕಾಲುಗಳ ನಡುವೆ ಇಟ್ಟುಕೊಂಡವರಿಗೆ ಇದು ಸಾಧ್ಯವಿಲ್ಲ. ಡೆಲಿವರಿ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳುವ ಬದಲು ಹಿಂದಿನ ಸೀಟಿಗೆ ಭದ್ರವಾಗಿ ಬಿಗಿಯುವುದು ಲೇಸು. ಕುಲುಕಾಟದಲ್ಲಿ ಚೀಲದ ಐದು ಕಿಲೋ ಬೆನ್ನಿಗೆ ಐದಾಗಿಯೇ ಇರುವುದಿಲ್ಲ.

ಒಂದು ಪ್ರಸಿದ್ಧ ಮೊಬೈಲ್ ಕಂಪನಿ, ದ್ವಿಚಕ್ರ ವಾಹನದ ಹ್ಯಾಂಡಲಿಗೆ ಸಿಕ್ಕಿಸಿದ ಫೋನಿನ ಕ್ಯಾಮರಾ ಕಂಪನದಿಂದ ಕೆಡಬಹುದೆಂದು 2021ರಲ್ಲಿ ತನ್ನ ಗ್ರಾಹಕರನ್ನು ಎಚ್ಚರಿಸಿತು. ವಿದ್ಯುತ್ ಸ್ಕೂಟರಿನವರಿಗೂ ಅದುರು ತಡೆಯುವ ಹಿಡಿಕೆಯನ್ನು ಸೂಚಿಸಿತು. ಆ ಹಿಡಿಕೆಯನ್ನು ತಡಮಾಡದೆ ಕೊಂಡವರು ಎಷ್ಟೋ ಮಂದಿ. ವಾರಕ್ಕೊಮ್ಮೆ ಟೈರು ಮುಟ್ಟಿ ನೋಡುವವರು ಅಷ್ಟಿಲ್ಲ.

ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓಡಿಸುವವರು ಗಂಟೆಗೊಮ್ಮೆಯಾದರೂ ಗಾಡಿಯಿಂದ ಇಳಿದು ಐದು ನಿಮಿಷ ನಡೆದಾಡಬೇಕು. ಸವಾರಿ ಮುಗಿದೊಡನೆ ಭಾರ ಎತ್ತಬಾರದು; ಕುಲುಕಿ ದಣಿದ ಬೆನ್ನಿನ ಸ್ನಾಯುಗಳು ಆಗ ಬೆನ್ನೆಲುಬನ್ನು ಕಾಪಾಡುವ ಸ್ಥಿತಿಯಲ್ಲಿರುವುದಿಲ್ಲ. ವಾರಾಂತ್ಯದ ಬಿಡುವಿನಲ್ಲಿ ಮಾಯವಾಗುವ ನೋವಿಗೆ ಈ ಕ್ರಮಗಳು ಸಾಕಾಗಬಹುದು. ನೋವು ಸೊಂಟದಿಂದ ಪೃಷ್ಠಕ್ಕಿಳಿದು ಕಾಲಿನ ಹಿಂಭಾಗಕ್ಕೆ ಹರಿದರೆ, ಪಾದ ಜೋಮು ಹಿಡಿದರೆ, ಚಳಿಯಲ್ಲಿ ಬೆರಳ ತುದಿಗಳು ಬಿಳಚಿಕೊಂಡು ಮತ್ತೆ ಕೆಂಪಾಗುತ್ತಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಕೇಳದಿದ್ದರೂ ದಿನಕ್ಕೆ ಎಷ್ಟು ಗಂಟೆ, ಎಂಥ ರಸ್ತೆಯಲ್ಲಿ, ಎಷ್ಟು ವರ್ಷದಿಂದ ಸ್ಕೂಟರು ಓಡಿಸುತ್ತಿದ್ದೀರಿ ಎಂಬುದನ್ನು ತಾವಾಗಿಯೇ ತಿಳಿಸಿ.